ಹ್ಯಾರಿಯಟ್‌ನ ಪೆಟ್ಟಿಗೆ

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ದೂರದರ್ಶಕವನ್ನು ಕೊಂಡುತಂದು, ಮನೆಯ ತಾರಸಿಯ ಮೇಲೆ ನಿಲ್ಲಿಸಿ, ಅದರಲ್ಲಿ ಕಂಡ ಚಂದ್ರನನ್ನು ಪೆನ್ಸಿಲಿನಿಂದ ಹಾಳೆಗಿಳಿಸಲು ನಾನು ಪ್ರಯತ್ನಿಸಿದ್ದೆ. ಶುಕ್ಲ ಪಕ್ಷದ ಪಂಚಮಿಯೋ ಷಷ್ಠಿಯೋ ಇದ್ದಿರಬೇಕು. ಶಾಲೆಯ ಪುಸ್ತಕಗಳಲ್ಲಿ ಚಂದ್ರನ ಕುಳಿಗಳ ಚಿತ್ರವನ್ನು ಎಷ್ಟೋ ಬಾರಿ ನೋಡಿದವನಾದರೂ, ಒಂದು ಗಂಟೆಯ ಶ್ರಮದ ಕೊನೆಗೆ ನನ್ನ ಹಾಳೆಯ ಮೇಲೆ ಮೂಡಿದ್ದು ಇಲಿ ಕಚ್ಚಿದ ರೊಟ್ಟಿಯಂತಹ ಒಂದು ಆಕೃತಿ ಮಾತ್ರ. ಥಾಮಸ್ ಹ್ಯಾರಿಯಟ್ ಎಂಬ ಇಂಗ್ಲಿಷ್ ವಿಜ್ಞಾನಿ ಬರೆದ ಚಂದ್ರನ ಚಿತ್ರವನ್ನು ಆಮೇಲೆ ನೋಡಿದಾಗ ನನಗೆ ನಗು ಬರಲಿಲ್ಲ. ಬಹಳ ಮಂದಿಗೆ ಬರುತ್ತದೆ. ಒಂದು ವೃತ್ತ, ಅದರೊಳಗೆ ಬೆಳಕು ಮತ್ತು ಕತ್ತಲೆಗಳ ನಡುವೆ ಅಂಕುಡೊಂಕಾದ ಒಂದು ಗೆರೆ, ಅಲ್ಲಲ್ಲಿ ಅವಸರದಲ್ಲಿ ಗೀಚಿದಂತಹ ಕಪ್ಪು. ಒಂದು ಕುಳಿಯೂ ಅಲ್ಲಿಲ್ಲ. ಆದರೆ ಆ ಹಾಳೆಯ ಮೇಲೆ 1609ರ ಜುಲೈ 26, ರಾತ್ರಿ 9 ಗಂಟೆ ಎಂದು ನಮೂದಾಗಿದೆ. ದೂರದರ್ಶಕದ ಮೂಲಕ ನೋಡಿ ಬರೆದ, ದಿನಾಂಕವಿರುವ ಚಂದ್ರನ ಚಿತ್ರಗಳಲ್ಲಿ ನಮಗೆ ಉಳಿದಿರುವ ಮೊದಲನೆಯದು ಇದೇ. ಇಂಗ್ಲೆಂಡು ಆಗಿನ್ನೂ ಹಳೆಯ ಪಂಚಾಂಗವನ್ನೇ ಬಳಸುತ್ತಿದ್ದುದರಿಂದ ನಮ್ಮ ಲೆಕ್ಕಕ್ಕೆ ಅದು ಆಗಸ್ಟ್ 5 ಆಗುತ್ತದೆ. ಗೆಲಿಲಿಯೊ ತನ್ನ ಪ್ರಸಿದ್ಧ ಚಂದ್ರ ವೀಕ್ಷಣೆಗಳನ್ನು ಆರಂಭಿಸಿದ್ದು ಅದೇ ವರ್ಷದ ನವೆಂಬರಿನ ಕೊನೆಗೆ.

ಗೆಲಿಲಿಯೊನನ್ನು ನಾವೆಲ್ಲರೂ ಬಲ್ಲೆವು. ಹ್ಯಾರಿಯಟ್‌ನನ್ನು ಬಲ್ಲವರು ವಿರಳ. ಈ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಳವಾಗಿದೆ: ಗೆಲಿಲಿಯೊ ಅಚ್ಚು ಹಾಕಿಸಿದ, ಹ್ಯಾರಿಯಟ್ ಹಾಕಿಸಲಿಲ್ಲ. ಕಾರಣವೇನೋ ನಿಜವೇ, ಆದರೆ ಅಷ್ಟಕ್ಕೇ ನಿಂತರೆ ಈ ಮನುಷ್ಯ ಒಬ್ಬ ಸೋಮಾರಿಯಂತೆಯೋ ಅಂಜುಬುರುಕನಂತೆಯೋ ಕಾಣುತ್ತಾನೆ. ಅವನ ಬದುಕಿನ ವಿವರಗಳನ್ನು ಓದುತ್ತಾ ಹೋದಂತೆ ನನಗೆ ಬೇರೆಯೇ ಒಂದು ಚಿತ್ರ ಮೂಡಿತು. ಅವನು ತನ್ನ ಜೀವಮಾನದಲ್ಲಿ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದ್ದ. ಆ ಒಂದು ಪುಸ್ತಕವನ್ನು ಬರೆದದ್ದು ಇನ್ನೊಬ್ಬರ ಉದ್ಯಮಕ್ಕೆ ಜನರನ್ನೂ ಹಣವನ್ನೂ ಕೂಡಿಸುವುದಕ್ಕಾಗಿ. ತನಗಾಗಿ ಬರೆದದ್ದೆಲ್ಲ ಪೆಟ್ಟಿಗೆಯೊಳಗೇ ಉಳಿಯಿತು.

ಹ್ಯಾರಿಯಟ್ ಹುಟ್ಟಿದ್ದು 1560ರ ಸುಮಾರಿಗೆ, ಆಕ್ಸ್‌ಫರ್ಡ್‌ಷೈರಿನಲ್ಲಿ. 1577ರ ಡಿಸೆಂಬರಿನಲ್ಲಿ ಅವನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸೇಂಟ್ ಮೇರಿ ಹಾಲ್‌ಗೆ ಸೇರಿದಾಗ ದಾಖಲೆ ಪುಸ್ತಕದಲ್ಲಿ ಅವನ ವಯಸ್ಸು 17 ಎಂದೂ, ತಂದೆ ಸಾಮಾನ್ಯ ಪ್ರಜೆಯೆಂದೂ ಬರೆದುಕೊಂಡರು. ಅವನ ಬಾಲ್ಯದ ಬಗ್ಗೆ ಉಳಿದಿರುವುದು ಹೆಚ್ಚುಕಡಿಮೆ ಅಷ್ಟೇ. ಜಮೀನಿಲ್ಲದ, ಬಿರುದಿಲ್ಲದ, ಗಣಿತ ಬಲ್ಲ ಯುವಕನಿಗೆ ಅಂದಿನ ಇಂಗ್ಲೆಂಡಿನಲ್ಲಿ ಇದ್ದ ದಾರಿಗಳು ಎರಡು: ಚರ್ಚಿನ ಪಾದ್ರಿಯಾಗುವುದು, ಇಲ್ಲವೇ ಯಾರಾದರೂ ದೊಡ್ಡ ಮನುಷ್ಯರ ಆಶ್ರಯ ಹಿಡಿಯುವುದು. ಹ್ಯಾರಿಯಟ್ ಎರಡನೆಯದನ್ನು ಆರಿಸಿಕೊಂಡ, ಮತ್ತು ರಾಣಿ ಎಲಿಜಬೆತ್‌ಳ ಪ್ರೀತಿಗೆ ಪಾತ್ರನಾಗಿ ದಿನದಿಂದ ದಿನಕ್ಕೆ ಮೇಲೇರುತ್ತಿದ್ದ ವಾಲ್ಟರ್ ರಾಲಿಯ ಸೇವೆಗೆ 1583ರ ಸುಮಾರಿಗೆ ಸೇರಿದ.

ರಾಲಿಗೆ ಬೇಕಾಗಿದ್ದದ್ದು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದಲ್ಲಿ ವಸಾಹತು ಹೂಡಬಲ್ಲ ನಾವಿಕರು. ಇಂಗ್ಲಿಷ್ ನಾವಿಕರು ತೀರದ ಗುರುತುಗಳನ್ನು ನೋಡಿಕೊಂಡು ಹಡಗು ನಡೆಸುವುದರಲ್ಲಿ ನಿಪುಣರಾಗಿದ್ದರೂ, ವಾರಗಟ್ಟಲೆ ನೆಲವೇ ಕಾಣದ ನಡುಗಡಲಿನಲ್ಲಿ ತಾವೆಲ್ಲಿದ್ದೇವೆ ಎಂಬುದನ್ನು ಆಕಾಶ ನೋಡಿ ತಿಳಿಯುವ ವಿದ್ಯೆಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ನವರಿಗಿಂತ ಬಹಳ ಹಿಂದಿದ್ದರು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದಲ್ಲಿದ್ದ ರಾಲಿಯ ಡರ್ಹ್ಯಾಮ್ ಹೌಸ್‌ನಲ್ಲಿ ಹ್ಯಾರಿಯಟ್ ಈ ಕಪ್ತಾನರಿಗೆ ಪಾಠ ಹೇಳತೊಡಗಿದ. ಪಾಠ ಹೇಳುವ ಮೊದಲು ಕೈಗೆ ಸಿಕ್ಕಿದ ಕೋಷ್ಟಕಗಳನ್ನೆಲ್ಲ ತಾನೇ ಅಳೆದು ತಿದ್ದಿದ್ದು ಅವನ ಸ್ವಭಾವಕ್ಕೆ ಒಳ್ಳೆಯ ನಿದರ್ಶನ. ಧ್ರುವ ನಕ್ಷತ್ರ ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಇಲ್ಲ. ಆ ಕಾಲದಲ್ಲಿ ಅದು ಧ್ರುವದಿಂದ ಸುಮಾರು 3 ಡಿಗ್ರಿಯಷ್ಟು ಸರಿದಿತ್ತು. ನಾವಿಕರ ಕೈಪಿಡಿಗಳು ಮಾತ್ರ ಅದನ್ನು ಮೂರೂವರೆ ಡಿಗ್ರಿ ಎಂದೇ ಹೇಳಿಕೊಂಡು ಬರುತ್ತಿದ್ದವು. ಅರ್ಧ ಡಿಗ್ರಿ ಎಂದರೆ ಮೇಲ್ನೋಟಕ್ಕೆ ಏನೂ ಅಲ್ಲ, ಆದರೆ ಅಕ್ಷಾಂಶದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಹಡಗು 55 ಕಿಲೋಮೀಟರ್ ಆಚೀಚೆ ಆಗುತ್ತದೆ, ಮತ್ತು ಮರಳುದಿಬ್ಬಗಳಿರುವ ಅಪರಿಚಿತ ತೀರದಲ್ಲಿ ಅಷ್ಟು ಸಾಕು ಹಡಗು ಒಡೆಯಲು. ಈ ಪಾಠಗಳನ್ನು ಅವನು ಒಂದು ಪುಸ್ತಕವಾಗಿ ಬರೆದಿದ್ದ, ಅದು ಕಳೆದುಹೋಗಿದೆ.

1584ರಲ್ಲಿ ರಾಲಿ ಕಳುಹಿಸಿದ ಎರಡು ಹಡಗುಗಳು ಇಂದಿನ ನಾರ್ತ್ ಕೆರೊಲಿನಾದ ಕರಾವಳಿಯನ್ನು ನೋಡಿಕೊಂಡು ಹಿಂತಿರುಗಿದಾಗ ಅವುಗಳಲ್ಲಿ ಮ್ಯಾಂಟಿಯೊ ಮತ್ತು ವಾಂಚೀಸ್ ಎಂಬ ಇಬ್ಬರು ಸ್ಥಳೀಯರೂ ಇದ್ದರು. ಅವರ ಅಲ್ಗಾಂಕಿಯನ್ ಭಾಷೆ ಇಂಗ್ಲೆಂಡಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಹ್ಯಾರಿಯಟ್ ಅವರಿಬ್ಬರ ಜೊತೆ ಕುಳಿತು ಅವರ ಭಾಷೆಯನ್ನು ಕಲಿತ, ತನ್ನ ಭಾಷೆಯನ್ನು ಅವರಿಗೆ ಕಲಿಸಿದ. ನನ್ನ ಮಟ್ಟಿಗೆ ಅವನ ಬದುಕಿನ ಅತ್ಯಂತ ಆಕರ್ಷಕ ಘಟ್ಟವೆಂದರೆ ಇದೇ. ಬರೆದಂತೆ ಓದುವ, ಓದಿದಂತೆ ಬರೆಯುವ ಅಕ್ಷರಮಾಲೆಯಲ್ಲಿ ಬೆಳೆದ ನಮಗೆ ಇಂಗ್ಲಿಷಿನ ಕಾಗುಣಿತ ಕೊಡುವ ಕಾಟ ಹೊಸದಲ್ಲ. ಆ ಕಾಗುಣಿತದಲ್ಲಿ ಇನ್ನೊಂದು ಭಾಷೆಯ ಧ್ವನಿಗಳನ್ನು ಹಿಡಿದಿಡಲು ಹೊರಟರೆ ಆಗುವ ಗೊಂದಲವನ್ನು, ನಮ್ಮ ಊರಿನ ಹೆಸರುಗಳನ್ನು ಬ್ರಿಟಿಷರು ಬರೆದ ರೀತಿಯಲ್ಲಿಯೇ ಕಾಣಬಹುದು. ಹ್ಯಾರಿಯಟ್ ಆ ತೊಡಕನ್ನು ಮೊದಲೇ ಕಂಡುಕೊಂಡ. ರೋಮನ್ ಅಕ್ಷರಗಳನ್ನು ಪಕ್ಕಕ್ಕಿಟ್ಟು, ಒಂದು ಧ್ವನಿಗೆ ಒಂದು ಗುರುತು ಎಂಬ ನಿಯಮದಲ್ಲಿ 36 ಅಕ್ಷರಗಳ ಹೊಸ ಲಿಪಿಯೊಂದನ್ನೇ ರಚಿಸಿದ. ಆ ಅಕ್ಷರಗಳನ್ನು ನೋಡಿದರೆ ಅಂದಿನ ಬೀಜಗಣಿತದ ಚಿಹ್ನೆಗಳ ನೆನಪಾಗುತ್ತದೆ. ಮುಂದೆ ಬೀಜಗಣಿತದಲ್ಲಿ ಅವನು ಮಾಡಿದ ಕೆಲಸಕ್ಕೂ ಇದಕ್ಕೂ ಒಳಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ: ಎರಡೂ ಕಡೆ ಅವನು ಮಾತಿನ ಗೋಜಲನ್ನು ಬಿಡಿಸಿ ಗುರುತುಗಳಿಗೆ ಇಳಿಸುತ್ತಿದ್ದ.

1585ರ ಏಪ್ರಿಲ್ 9ರಂದು ರಿಚರ್ಡ್ ಗ್ರೆನ್ವಿಲ್‌ನ ನೇತೃತ್ವದಲ್ಲಿ 7 ಹಡಗುಗಳು ಪ್ಲಿಮತ್ ಬಂದರನ್ನು ಬಿಟ್ಟವು. ಹ್ಯಾರಿಯಟ್, ಚಿತ್ರಕಾರ ಜಾನ್ ವೈಟ್, ಮ್ಯಾಂಟಿಯೊ, ವಾಂಚೀಸ್ ಎಲ್ಲರೂ ಅದರಲ್ಲಿದ್ದರು. ಹತ್ತು ದಿನಗಳ ನಂತರ ನಡುಗಡಲಿನಲ್ಲಿ ಸೂರ್ಯಗ್ರಹಣ ಕಂಡಿತು. ಅಮೆರಿಕದ ತೀರ ತಲುಪುವಾಗ ಮುಖ್ಯ ಹಡಗಾದ ಟೈಗರ್ ಮರಳಿನಲ್ಲಿ ಹೂತುಕೊಂಡು ಆಹಾರದ ದಾಸ್ತಾನಿನ ಬಹುಪಾಲು ಉಪ್ಪುನೀರಿನ ಪಾಲಾಯಿತು, ಮತ್ತು ಈ ಒಂದು ಅಪಘಾತ ಮುಂದಿನ ಒಂದು ವರ್ಷದ ಕಥೆಯನ್ನೆಲ್ಲ ನಿರ್ಧರಿಸಿತು. ಗ್ರೆನ್ವಿಲ್ ಹಿಂತಿರುಗಿದ ಮೇಲೆ ರಾಲ್ಫ್ ಲೇನ್ ಎಂಬ ಸೈನಿಕನ ಅಧಿಕಾರದಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಮಂದಿ ರೋನೋಕ್ ಎಂಬ ಸಣ್ಣ ದ್ವೀಪದಲ್ಲಿ ಉಳಿದರು, ಮತ್ತು ಹೊಟ್ಟೆಪಾಡಿಗೆ ಸ್ಥಳೀಯರ ಜೋಳದ ಕಣಜಗಳನ್ನೇ ನಂಬಬೇಕಾಯಿತು.

ಹ್ಯಾರಿಯಟ್ ಮತ್ತು ವೈಟ್ ಆ ವರ್ಷವಿಡೀ ಹಳ್ಳಿಯಿಂದ ಹಳ್ಳಿಗೆ ಅಲೆದರು. ಒಬ್ಬ ಅಳೆಯುತ್ತಿದ್ದ, ಕೇಳುತ್ತಿದ್ದ, ಬರೆಯುತ್ತಿದ್ದ, ಇನ್ನೊಬ್ಬ ಚಿತ್ರಿಸುತ್ತಿದ್ದ. ಮೀನು ಹಿಡಿಯುವ ರೀತಿ, ಮರದ ಕಾಂಡವನ್ನು ಬೆಂಕಿಯಿಂದ ಸುಟ್ಟು ಕೆರೆದು ದೋಣಿ ಮಾಡುವ ರೀತಿ, ಮೀನು ಸುಡುವ ಅಟ್ಟಣಿಗೆ, ಊರ ಸುತ್ತಲಿನ ಕಂಬದ ಬೇಲಿ, ಎಲ್ಲವೂ ಅವರಿಬ್ಬರಿಂದ ದಾಖಲಾಯಿತು. ಸ್ಥಳೀಯರು ‘ಪಗಟೌರ್’ ಎಂದು ಕರೆಯುತ್ತಿದ್ದ ಗೋವಿನಜೋಳದ ಬೇಸಾಯವನ್ನು ಅವನು ಸಾಲು ಸಾಲಾಗಿ, ಕಾಳಿನ ಅಂತರವನ್ನೂ ಬಿಡದೆ ವಿವರಿಸುತ್ತಾನೆ. ‘ಉಪ್ಪೊವೊಕ್’ ಎಂಬ ಹೊಗೆಸೊಪ್ಪಿನ ಬಗ್ಗೆ ಬರೆಯುವಾಗ ಮಾತ್ರ ಅವನ ವರದಿಯ ಧಾಟಿ ಬದಲಾಗಿ ಭಕ್ತನ ಧಾಟಿಯಾಗುತ್ತದೆ. ಮಣ್ಣಿನ ಚಿಲುಮೆಯಲ್ಲಿ ಅದರ ಹೊಗೆಯನ್ನು ಎಳೆದರೆ ದೇಹದ ಕಫವೆಲ್ಲ ಕರಗಿ, ರೋಮರಂಧ್ರಗಳು ತೆರೆದುಕೊಂಡು, ಆರೋಗ್ಯ ಸುಧಾರಿಸುತ್ತದೆ ಎಂದು ಅವನು ನಂಬಿದ್ದ. ಅಲ್ಲಿದ್ದಾಗಲೂ ಸೇದಿದ, ಹಿಂತಿರುಗಿದ ಮೇಲೂ ಸೇದಿದ. ಇದಾದ ಸುಮಾರು ಇಪ್ಪತ್ತು ವರ್ಷಗಳ ನಂತರ ಅಕ್ಬರನ ಆಸ್ಥಾನದ ಅಸದ್ ಬೇಗ್ ಎಂಬಾತ ನಮ್ಮ ವಿಜಯಪುರದಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡು, ರತ್ನಖಚಿತ ಹುಕ್ಕಾದ ಜೊತೆಗೆ ಅದನ್ನು ಬಾದಶಹನಿಗೆ ಒಯ್ದು ಒಪ್ಪಿಸಿದ. ಅಮೆರಿಕದ ಅದೇ ಎಲೆ ಪೋರ್ಚುಗೀಸರ ಮೂಲಕ ದಖನ್ನಿಗೆ ಅಷ್ಟರಲ್ಲಿ ತಲುಪಿತ್ತು.

ರೋನೋಕಿನ ಜನ ತಮ್ಮ ಯಂತ್ರಗಳನ್ನು ಕಂಡು ಬೆರಗಾದ ಸಂಗತಿಯನ್ನು ಹ್ಯಾರಿಯಟ್ ವಿವರವಾಗಿ ಬರೆದಿದ್ದಾನೆ. ದಿಕ್ಸೂಚಿ, ಕಬ್ಬಿಣವನ್ನು ಸೆಳೆಯುವ ಅಯಸ್ಕಾಂತ, ದೃಶ್ಯಗಳನ್ನು ತೋರಿಸುವ ಗಾಜು, ಬಿಸಿಲಿನಿಂದ ಬೆಂಕಿ ಹೊತ್ತಿಸುವ ಗಾಜು, ತಾನಾಗಿ ನಡೆಯುವಂತೆ ತೋರುವ ಗಡಿಯಾರ, ಓದು, ಬರಹ, ಇವೆಲ್ಲ ಮನುಷ್ಯರು ಮಾಡಿದವಲ್ಲ, ದೇವರುಗಳು ಮಾಡಿದವು, ಅಥವಾ ದೇವರುಗಳೇ ಇವರಿಗೆ ಕಲಿಸಿರಬೇಕು ಎಂದು ಅವರು ಭಾವಿಸಿದರಂತೆ. ಬೈಬಲ್ಲಿನಲ್ಲಿರುವ ಬೋಧನೆ ಮುಖ್ಯವೇ ಹೊರತು ಆ ವಸ್ತುವಿನಲ್ಲಿ ಯಾವ ಶಕ್ತಿಯೂ ಇಲ್ಲವೆಂದು ಅವನು ಹೇಳಿದರೂ, ಅವರು ಪುಸ್ತಕವನ್ನು ಮುಟ್ಟಿ, ಮುತ್ತಿಟ್ಟು, ಎದೆಗೆ ತಲೆಗೆ ಒತ್ತಿಕೊಂಡರೆಂದು ಬರೆಯುತ್ತಾನೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸದಲ್ಲಿ ಬೆಳೆದ ನನಗೆ ಅದರಲ್ಲಿ ಅಂತಹ ವಿಚಿತ್ರವೇನೂ ಕಾಣಲಿಲ್ಲ.

ಆ ವರದಿಯ ಅತ್ಯಂತ ಕಠಿಣವಾದ ಪುಟಗಳು ಬೇರೆ ಇವೆ. ಇಂಗ್ಲಿಷರು ಹೋಗಿಬಂದ ಹಳ್ಳಿಗಳಲ್ಲಿ, ಅವರು ಹೊರಟ ಕೆಲವೇ ದಿನಗಳಲ್ಲಿ ಜನ ಸಾಯತೊಡಗಿದರು. ಕೆಲವು ಊರುಗಳಲ್ಲಿ 20, ಕೆಲವದರಲ್ಲಿ 40, ಕೆಲವದರಲ್ಲಿ 60, ಒಂದರಲ್ಲಿ 120 ಜನ ಎಂದು ಅವನು ಲೆಕ್ಕ ಕೊಡುತ್ತಾನೆ. ಇಂಗ್ಲಿಷರಿಗೆ ಏನೂ ಆಗುತ್ತಿರಲಿಲ್ಲ. ರೋಗ ಯಾವುದೆಂದು ಸ್ಥಳೀಯರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಇಂಗ್ಲಿಷರು ಕಣ್ಣಿಗೆ ಕಾಣದ ಗುಂಡುಗಳಿಂದ ತಮ್ಮನ್ನು ಹೊಡೆಯುತ್ತಿದ್ದಾರೆಂದು ಕೆಲವರು ಹೇಳಿದರು, ಹಿಂದಿನ ವರ್ಷದ ಗ್ರಹಣದ ಫಲವೆಂದು ಕೆಲವರು ಹೇಳಿದರು. ಯೂರೋಪಿನಿಂದ ಬಂದ ಸೋಂಕುಗಳಿಗೆ ಆ ಜನರ ದೇಹದಲ್ಲಿ ಪ್ರತಿರೋಧ ಇರಲಿಲ್ಲವೆಂಬುದನ್ನು ಇಂದು ಬಲ್ಲ ನಮಗೆ, ಕಾಣದ ಗುಂಡು ಎಂಬ ಆ ವಿವರಣೆಯೇ ಉಳಿದೆಲ್ಲಕ್ಕಿಂತ ಸತ್ಯಕ್ಕೆ ಹತ್ತಿರ ಬಂದಿತ್ತು ಎಂದು ತೋರುತ್ತದೆ. ಹ್ಯಾರಿಯಟ್ ಯಾವ ತೀರ್ಪನ್ನೂ ಕೊಡದೆ ಎಲ್ಲರ ಅಭಿಪ್ರಾಯಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟ.

ಆದರೆ ವರದಿಯಲ್ಲಿ ಬಾರದೆ ಉಳಿದದ್ದೂ ಇದೆ. ಕಳೆದುಹೋದ ಒಂದು ಬೆಳ್ಳಿಯ ಬಟ್ಟಲಿಗಾಗಿ ಗ್ರೆನ್ವಿಲ್ ಒಂದು ಇಡೀ ಹಳ್ಳಿಯನ್ನೂ ಅದರ ಸುತ್ತಲಿನ ಜೋಳದ ಬೆಳೆಯನ್ನೂ ಸುಟ್ಟಿದ್ದ. ಆಹಾರಕ್ಕಾಗಿ ಹೆಚ್ಚುತ್ತಾ ಹೋದ ಬೇಡಿಕೆಯಿಂದ ಸಂಬಂಧ ಕೆಟ್ಟು, 1586ರ ಜೂನ್ 1ರಂದು ಲೇನ್‌ನ ಕಡೆಯವರು ಆ ಪ್ರದೇಶದ ನಾಯಕ ವಿಂಗಿನಾನನ್ನು ಕೊಂದು ತಲೆ ಕತ್ತರಿಸಿದರು. ಹ್ಯಾರಿಯಟ್ ಈ ಎರಡು ಘಟನೆಗಳ ಹೆಸರೆತ್ತದೆ, ನಮ್ಮವರಲ್ಲಿ ಕೆಲವರು ವರ್ಷದ ಕೊನೆಗೆ, ಸಹಿಸಿಕೊಳ್ಳಬಹುದಾಗಿದ್ದ ಕಾರಣಗಳಿಗಾಗಿ ಕೆಲವರನ್ನು ಕೊಂದು ಅತಿ ಕ್ರೂರವಾಗಿ ನಡೆದುಕೊಂಡರು ಎಂಬರ್ಥದ ಒಂದು ವಾಕ್ಯ ಬರೆದು ಮುಂದಕ್ಕೆ ಹೋಗುತ್ತಾನೆ. ಧಣಿಯ ಹಣದಲ್ಲಿ, ಧಣಿಯ ಉದ್ಯಮಕ್ಕಾಗಿ ಬರೆಯುವವನು ಅಷ್ಟನ್ನಾದರೂ ಹೇಳಿದನಲ್ಲ ಎಂದು ಒಮ್ಮೆ, ಎಲ್ಲವನ್ನೂ ಕಂಡವನು ಅಷ್ಟನ್ನೇ ಹೇಳಿದನಲ್ಲ ಎಂದು ಇನ್ನೊಮ್ಮೆ ನನಗೆ ಅನ್ನಿಸಿದೆ. ಎರಡರಲ್ಲಿ ಯಾವುದನ್ನೂ ನಾನು ಬಿಟ್ಟುಕೊಡಲಾರೆ.

ಅದೇ ತಿಂಗಳು ಫ್ರಾನ್ಸಿಸ್ ಡ್ರೇಕ್‌ನ ಹಡಗುಗಳು ಅಲ್ಲಿಗೆ ಬಂದವು. ಹಸಿದು ಹೆದರಿದ್ದ ವಸಾಹತುಗಾರರು ಅವುಗಳಲ್ಲಿ ಊರಿಗೆ ಹಿಂತಿರುಗಲು ನಿರ್ಧರಿಸಿದಾಗ ಬಿರುಗಾಳಿ ಬೀಸುತ್ತಿತ್ತು. ದೋಣಿಗಳಲ್ಲಿ ಸಾಮಾನು ಸಾಗಿಸುತ್ತಿದ್ದ ಡ್ರೇಕ್‌ನ ನಾವಿಕರು ಭಾರ ಇಳಿಸುವ ಅವಸರದಲ್ಲಿ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಮತ್ತು ನಕ್ಷೆಗಳು, ಪುಸ್ತಕಗಳು, ಒಂದು ವರ್ಷದ ಬರಹಗಳು ಬಹಳಷ್ಟು ನೀರುಪಾಲಾದವು. ತನ್ನ ಹಾಳೆಗಳ ಬಗ್ಗೆ ಹ್ಯಾರಿಯಟ್ ಮುಂದೆ ತೋರಿದ ವಿಚಿತ್ರ ಸಂಕೋಚಕ್ಕೆ ಈ ದಿನವೂ ಒಂದು ಕಾರಣವಾಗಿರಬಹುದೇ ಎಂದು ನಾನು ಯೋಚಿಸಿದ್ದುಂಟು; ಆದರೆ ಅದು ನನ್ನ ಕಲ್ಪನೆಯಷ್ಟೇ.

ಉಳಿದ ಟಿಪ್ಪಣಿಗಳಿಂದ ಬರೆದ, ಅವನ ಆ ಒಂದೇ ಪುಸ್ತಕವಾದ ‘ವರ್ಜೀನಿಯಾದ ಸಂಕ್ಷಿಪ್ತ ಮತ್ತು ಸತ್ಯ ವರದಿ’ 1588ರಲ್ಲಿ ಅಚ್ಚಾಯಿತು; ಆ ಕರಾವಳಿಯನ್ನು ಇಂಗ್ಲಿಷರು ಅಂದು ವರ್ಜೀನಿಯಾ ಎಂದೇ ಕರೆಯುತ್ತಿದ್ದರು. ಎರಡು ವರ್ಷಗಳ ನಂತರ ತಿಯೋಡೊರ್ ಡಿ ಬ್ರಿ ಎಂಬ ಕೆತ್ತನೆಗಾರ ವೈಟ್‌ನ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿ, ಲ್ಯಾಟಿನ್, ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಂಬ ನಾಲ್ಕು ಭಾಷೆಗಳಲ್ಲಿ ಅದನ್ನು ಫ್ರಾಂಕ್‌ಫರ್ಟಿನಿಂದ ಹೊರತಂದ. ಯೂರೋಪು ಅಮೆರಿಕದ ಮೂಲನಿವಾಸಿಗಳನ್ನು ಕಲ್ಪಿಸಿಕೊಂಡದ್ದು ಬಹುಕಾಲ ಆ ಚಿತ್ರಗಳ ಮೂಲಕವೇ.

1590ರ ದಶಕದಲ್ಲಿ ರಾಲಿಯ ಅದೃಷ್ಟ ಇಳಿಯತೊಡಗಿದಾಗ ಹ್ಯಾರಿಯಟ್ ನಾರ್ದಂಬರ್ಲೆಂಡಿನ 9ನೆಯ ಅರ್ಲ್ ಹೆನ್ರಿ ಪರ್ಸಿಯ ಆಶ್ರಯಕ್ಕೆ ಬಂದ. ರಸವಿದ್ಯೆ, ಗಣಿತ, ಪುಸ್ತಕಗಳ ಹುಚ್ಚಿನಿಂದಾಗಿ ‘ಮಾಂತ್ರಿಕ ಅರ್ಲ್’ ಎಂದೇ ಹೆಸರಾಗಿದ್ದ ಈ ಶ್ರೀಮಂತ, ಹ್ಯಾರಿಯಟ್‌ಗೆ ವರ್ಷಾಶನವನ್ನೂ ಲಂಡನ್ನಿನ ಪಶ್ಚಿಮಕ್ಕೆ ಥೇಮ್ಸ್ ದಡದಲ್ಲಿದ್ದ ಸಯನ್ ಹೌಸ್‌ನ ಆವರಣದಲ್ಲಿ ಮನೆಯನ್ನೂ ಕೊಟ್ಟ. ಪಾಠ ಹೇಳಬೇಕೆಂದಿಲ್ಲ, ಪುಸ್ತಕ ಬರೆಯಬೇಕೆಂದಿಲ್ಲ, ತೋಚಿದ್ದನ್ನು ಮಾಡಿಕೊಂಡಿರಬಹುದು. ಇಂದಿನ ಯಾವ ಸಂಶೋಧಕನಿಗೂ ಹೊಟ್ಟೆಕಿಚ್ಚು ತರಿಸಬಲ್ಲ ಏರ್ಪಾಡು ಅದು.

ಆ ಮನೆಯಲ್ಲಿ ನಡೆದ ಕೆಲಸದ ವ್ಯಾಪ್ತಿ ನಂಬಲು ಕಷ್ಟವಾಗುವಂತಹದು. ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ಇಳಿಯುವಾಗ ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯುತ್ತಾ, ಬೆಳಕು ಬರುವ ಕೋನದ ಸೈನ್‌ಗೂ ಬಾಗಿದ ಕೋನದ ಸೈನ್‌ಗೂ ಇರುವ ಅನುಪಾತ ಬದಲಾಗುವುದಿಲ್ಲವೆಂಬ ನಿಯಮವನ್ನು ಅವನು 1602ರ ಹೊತ್ತಿಗೆ ಕಂಡುಕೊಂಡಿದ್ದ. ನಮ್ಮ ಪಿಯುಸಿ ಪಠ್ಯದಲ್ಲಿ ಅದು ಸ್ನೆಲ್‌ನ ನಿಯಮ. ಸ್ನೆಲ್ ಅದನ್ನು ಕಂಡುಹಿಡಿದದ್ದು 1621ರಲ್ಲಿ, ಡೆಕಾರ್ಟ್ ಅಚ್ಚಿಸಿದ್ದು 1637ರಲ್ಲಿ. ಹಡಗಿನ ಅಟ್ಟದ ಮೇಲೆ ಫಿರಂಗಿ ಗುಂಡುಗಳನ್ನು ಹೇಗೆ ಪೇರಿಸಿದರೆ ಎಷ್ಟು ಹಿಡಿಯುತ್ತವೆ ಎಂದು ರಾಲಿ ಕೇಳಿದ ಪ್ರಶ್ನೆಗೆ ಲೆಕ್ಕ ಹಾಕಿಕೊಟ್ಟವನು, ಅದರ ಹಿಂದೆಯೇ ಬೆನ್ನು ಹತ್ತಿ ಪದಾರ್ಥದೊಳಗಿನ ಕಣಗಳ ಜೋಡಣೆಯವರೆಗೆ ಹೋದ. ಮಾರುಕಟ್ಟೆಯಲ್ಲಿ ಮೋಸಂಬಿಯನ್ನು ಗೋಪುರವಾಗಿ ಪೇರಿಸುವ ವ್ಯಾಪಾರಿಗೆ ಕೈಗೇ ಗೊತ್ತಿರುವ ಆ ಜೋಡಣೆಗಿಂತ ಒತ್ತಾದದ್ದು ಬೇರೊಂದಿಲ್ಲ ಎಂದು 1611ರಲ್ಲಿ ಜರ್ಮನ್ ಖಗೋಳ ವಿಜ್ಞಾನಿ ಕೆಪ್ಲರ್ ಊಹಿಸಿದ. ಅದಕ್ಕೆ ಗಣಿತದ ಪುರಾವೆ ಸಿದ್ಧವಾದದ್ದು 1998ರಲ್ಲಿ, ಅದೂ ಕಂಪ್ಯೂಟರಿನ ನೆರವಿನಿಂದ.

ಅವನ ಹಾಳೆಗಳಲ್ಲಿ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಬರೆದ ಸಂಖ್ಯೆಗಳು, ಅವುಗಳ ಕೂಡುವಿಕೆ, ಗುಣಾಕಾರ ಎಲ್ಲವೂ ಇವೆ. ಇದು ಈ ಎರಡಂಕಿಯ ಪದ್ಧತಿಗೆ ಹೆಸರಾದ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್‌ಗಿಂತ ಮುಕ್ಕಾಲು ಶತಮಾನಕ್ಕೂ ಹಿಂದಿನ ಮಾತು. ವಸ್ತುಗಳನ್ನು ತೂಗುವಾಗ ಅರ್ಧ, ಕಾಲು, ಅರೆಕಾಲು ಎಂದು ಇಳಿಯುವ ಬಟ್ಟುಗಳನ್ನು ಬಳಸುತ್ತಿದ್ದುದರಿಂದ ಅವನಿಗೆ ಈ ಯೋಚನೆ ಹೊಳೆದಿರಬಹುದೆಂದು ಈಚೆಗೆ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಸೇರು, ಅಚ್ಚೇರು, ಪಾವು, ಅರಪಾವು ಎಂದು ಅಳೆದ ನಮ್ಮ ಅಜ್ಜಿಯರ ಕೈಯಲ್ಲಿಯೂ ಇದ್ದದ್ದು ಅದೇ ಕ್ರಮವಾದ್ದರಿಂದ ಈ ವಾದ ನನಗೆ ಸಹಜವೆನಿಸಿತು.

ಇಷ್ಟೆಲ್ಲ ಇದ್ದೂ ಅವನು ಏಕೆ ಸುಮ್ಮನಿದ್ದ? ಸುತ್ತಲಿನ ಸಂಗತಿಗಳನ್ನು ಒಂದೊಂದಾಗಿ ಜೋಡಿಸಿ ನೋಡಬೇಕು. 1592ರಲ್ಲಿ ಹೊರಬಂದ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದವರ ಒಂದು ಕರಪತ್ರ ರಾಲಿಯ ಮನೆಯಲ್ಲಿ ನಾಸ್ತಿಕರ ಪಾಠಶಾಲೆ ನಡೆಯುತ್ತಿದೆಯೆಂದೂ ಅದರ ಗುರು ಒಬ್ಬ ಮಾಂತ್ರಿಕನೆಂದೂ ಬರೆಯಿತು. ಮರುವರ್ಷ ನಾಟಕಕಾರ ಕ್ರಿಸ್ಟೊಫರ್ ಮಾರ್ಲೊನ ವಿರುದ್ಧ ಸರ್ಕಾರಕ್ಕೆ ಬಂದ ದೂರಿನಲ್ಲಿ, ಮೋಸೆಸ್ ಬರಿಯ ಕಣ್ಕಟ್ಟುಗಾರ, ರಾಲಿಯ ಕಡೆಯ ಹ್ಯಾರಿಯಟ್ ಅವನಿಗಿಂತ ಹೆಚ್ಚಿನದನ್ನು ಮಾಡಬಲ್ಲ ಎಂದು ಮಾರ್ಲೊ ಹೇಳಿದನೆಂಬ ಆರೋಪವಿತ್ತು. 1603ರಲ್ಲಿ ಹೊಸ ದೊರೆ ಜೇಮ್ಸ್‌ನ ವಿರುದ್ಧ ಸಂಚು ಮಾಡಿದನೆಂದು ರಾಲಿಗೆ ಮರಣದಂಡನೆ ವಿಧಿಸುವಾಗ, ಸ್ವರ್ಗದಲ್ಲಿ ನಿತ್ಯತೆ ಇಲ್ಲವೆಂದು ಹೇಳುವ ಹ್ಯಾರಿಯಟ್‌ನಂತಹ ಪಂಡಿತರ ಮಾತಿಗೆ ಮರುಳಾಗಬೇಡ ಎಂದು ನ್ಯಾಯಾಧೀಶನೇ ತುಂಬಿದ ಸಭೆಯಲ್ಲಿ ಹೆಸರೆತ್ತಿ ಹೇಳಿದ. ಶಿಕ್ಷೆ ತಡೆಹಿಡಿಯಲ್ಪಟ್ಟು ರಾಲಿ ಲಂಡನ್ ಟವರ್ ಎಂಬ ಸೆರೆಮನೆಯನ್ನು ಸೇರಿದ. 1605ರ ನವೆಂಬರ್ 4ರಂದು ಅರ್ಲ್‌ನ ದಾಯಾದಿ ಥಾಮಸ್ ಪರ್ಸಿ ಸಯನ್ ಹೌಸ್‌ಗೆ ಊಟಕ್ಕೆ ಬಂದ. ಆ ದಿನ ಹ್ಯಾರಿಯಟ್ ಕೂಡ ಅದೇ ಮೇಜಿನ ಮುಂದಿದ್ದ. ಮರುದಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾದಾಗ ಸಂಚುಗಾರರಲ್ಲಿ ಆ ಪರ್ಸಿಯೂ ಒಬ್ಬ. ಅರ್ಲ್‌ಗೆ 30,000 ಪೌಂಡ್ ದಂಡ ವಿಧಿಸಿ ಅವನನ್ನೂ ಟವರ್‌ಗೆ ಕಳುಹಿಸಿದರು. ದೊರೆಯ ಜಾತಕ ಬರೆದನೆಂಬ ಗುಮಾನಿಯ ಮೇಲೆ ಹ್ಯಾರಿಯಟ್‌ನನ್ನೂ ಹಿಡಿದು ಸೆರೆಯಲ್ಲಿಟ್ಟು ವಿಚಾರಿಸಿದರು.

ಕೆಲವು ವಾರಗಳಲ್ಲಿ ಅವನು ಹೊರಬಂದ, ಆದರೆ ಆಶ್ರಯ ಕೊಟ್ಟ ಇಬ್ಬರೂ ಒಂದೇ ಕೋಟೆಯೊಳಗೆ ಬಂದಿಗಳಾಗಿ ಉಳಿದರು. ಅವರಿಬ್ಬರ ಸಂಪರ್ಕದಲ್ಲಿದ್ದು, ಅವರ ಪುಸ್ತಕ, ಪ್ರಯೋಗ, ಲೆಕ್ಕಪತ್ರಗಳಿಗೆ ನೆರವಾಗುತ್ತಾ ಹ್ಯಾರಿಯಟ್ ಮುಂದಿನ ವರ್ಷಗಳನ್ನು ಕಳೆದ. ಈ ನಡುವೆಯೇ, 1606ರಲ್ಲಿ, ಪ್ರಾಗ್‌ನಿಂದ ಕೆಪ್ಲರ್ ಅವನಿಗೆ ಪತ್ರ ಬರೆದು ಬೆಳಕಿನ ವಕ್ರೀಭವನದ ಬಗ್ಗೆ ಕೇಳಿದ. ಯೂರೋಪಿನಲ್ಲಿ ಆ ಪ್ರಶ್ನೆಗೆ ಉತ್ತರ ಬಲ್ಲ ಒಬ್ಬನೇ ಮನುಷ್ಯನಿಗೆ ಆ ಉತ್ತರ ಅತ್ಯಂತ ಅಗತ್ಯವಾಗಿದ್ದ ಮನುಷ್ಯ ಬರೆದ ಪತ್ರವದು. ಹ್ಯಾರಿಯಟ್ ಬೇರೆ ಬೇರೆ ದ್ರವಗಳಲ್ಲಿ ಬೆಳಕು ಬಾಗುವ ಅಳತೆಗಳ ಕೋಷ್ಟಕವನ್ನು ಕಳುಹಿಸಿದ; ನಿಯಮವನ್ನು ಕಳುಹಿಸಲಿಲ್ಲ. ಬದಲಿಗೆ, ಪ್ರಕೃತಿಯ ಮನೆಯ ಬಾಗಿಲಿನವರೆಗೆ ನಿನ್ನನ್ನು ಕರೆತಂದಿದ್ದೇನೆ, ಬಾಗಿಲು ಕಿರಿದಾಯಿತೆಂದರೆ ನಿನ್ನನ್ನು ನೀನೇ ಒಂದು ಪರಮಾಣುವಾಗಿ ಕುಗ್ಗಿಸಿಕೊಂಡು ಒಳಗೆ ಹೋಗು, ಹೊರಗೆ ಬಂದ ಮೇಲೆ ಏನೇನು ಅದ್ಭುತಗಳನ್ನು ಕಂಡೆಯೆಂದು ನನಗೆ ಹೇಳು ಎಂಬರ್ಥದಲ್ಲಿ ಬರೆದ. ಕೆಪ್ಲರ್‌ಗೆ ಪರಮಾಣುಗಳಲ್ಲಿ ನಂಬಿಕೆಯಿರಲಿಲ್ಲ, ಬಾಗಿಲ ಹೊರಗೇ ಉಳಿದ. 1608ರ ಇನ್ನೊಂದು ಪತ್ರದಲ್ಲಿ ಹ್ಯಾರಿಯಟ್, ನಮ್ಮಲ್ಲಿ ಇನ್ನೂ ಸ್ವತಂತ್ರವಾಗಿ ತತ್ತ್ವಚಿಂತನೆ ಮಾಡುವಂತಿಲ್ಲ, ಕೆಸರಿನಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಹೇಳುತ್ತಾನೆ. ಭಯವೇ ಅವನ ಮೌನದ ಕಾರಣವೆನ್ನುವವರು ಈ ಸಾಲನ್ನೇ ತೋರಿಸುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೈನ್‌ಗಳ ಅನುಪಾತದಲ್ಲಿ ಯಾವ ಧರ್ಮದ್ರೋಹವಿತ್ತು? ವರ್ಷಾಶನ ಬರುತ್ತಿದ್ದವನಿಗೆ ಪುಸ್ತಕ ಮಾರಿ ಬದುಕುವ ಅಗತ್ಯವಿರಲಿಲ್ಲ, ಕೆಲಸ ಮುಗಿಯಿತೆಂದು ಒಪ್ಪುವ ಸ್ವಭಾವವೂ ಅವನದಾಗಿರಲಿಲ್ಲ. ಭಯ, ಅನುಕೂಲ, ಸ್ವಭಾವ ಈ ಮೂರೂ ಒಟ್ಟಿಗೆ ಸೇರಿ ಅವನನ್ನು ಕಟ್ಟಿಹಾಕಿದವು ಎಂಬುದು ನನ್ನ ಊಹೆ.

ಅವನ ಸ್ನೇಹಿತರಿಗೂ ಇದು ನುಂಗಲಾರದ ತುತ್ತಾಗಿತ್ತು. ವೇಲ್ಸ್‌ನಲ್ಲಿದ್ದ ವಿಲಿಯಂ ಲೋವರ್ ಎಂಬ ಶಿಷ್ಯನಿಗೆ ಹ್ಯಾರಿಯಟ್ ದೂರದರ್ಶಕವೊಂದನ್ನು ಕಳುಹಿಸಿದ್ದ. 1610ರ ಫೆಬ್ರವರಿಯಲ್ಲಿ ಲೋವರ್ ಬರೆದ ಪತ್ರದಲ್ಲಿ, ತುಂಬು ಚಂದ್ರ ತನ್ನ ಅಡುಗೆಯವನು ಹಿಂದಿನ ವಾರ ಮಾಡಿದ ಹಣ್ಣಿನ ಟಾರ್ಟ್‌ನಂತೆ, ಇಲ್ಲೊಂದು ಬಿಳಿಯ ಎಳೆ, ಅಲ್ಲೊಂದು ಕಪ್ಪು ಎಳೆಯಾಗಿ ಎಲ್ಲೆಲ್ಲೂ ಕಲಸಿಕೊಂಡು ಕಾಣುತ್ತದೆ ಎಂದಿದ್ದಾನೆ. ಅದೇ ಪತ್ರದಲ್ಲಿ ಅವನು ಗುರುವನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ನಿಮ್ಮ ಶೋಧಗಳನ್ನು ದಿನದಿನವೂ ಒಬ್ಬೊಬ್ಬರಾಗಿ ಎತ್ತಿಕೊಂಡು ಹೋಗುತ್ತಿರುವುದನ್ನು ಕಂಡು ನಿಮಗೆ ಗಾಬರಿಯಾಗುವುದಿಲ್ಲವೇ, ನಿಮ್ಮ ಅತಿಯಾದ ಸಂಕೋಚವೇ ಈ ಕೀರ್ತಿಗಳನ್ನೆಲ್ಲ ನಿಮ್ಮಿಂದ ಕಸಿದುಕೊಂಡಿದೆ, ಆರಿಸಿದ ಕೆಲವನ್ನಾದರೂ ಪ್ರಕಟಿಸಿ. ಮುಂದಿನ ತಿಂಗಳಲ್ಲೇ ಗೆಲಿಲಿಯೊನ ಪುಸ್ತಕ ವೆನಿಸ್‌ನಲ್ಲಿ ಹೊರಬಂದಿತು.

ಇಲ್ಲಿ ಮತ್ತೆ ಆ ಮೊದಲ ಚಂದ್ರಚಿತ್ರಕ್ಕೆ ಬರುತ್ತೇನೆ. ಹ್ಯಾರಿಯಟ್‌ನ ಮೊದಲ ದೂರದರ್ಶಕ ಆರು ಪಟ್ಟು ದೊಡ್ಡದಾಗಿ ತೋರಿಸುವಂತಹದು. ಅದರ ಕಿಂಡಿಯಲ್ಲಿ ಚಂದ್ರನ ಒಂದು ಭಾಗ ಮಾತ್ರ ಒಮ್ಮೆಗೆ ಕಾಣುತ್ತಿತ್ತು. ಕುಳಿಗಳು ಅವನಿಗೆ ಕಾಣಲಿಲ್ಲವೆಂದಲ್ಲ, ಕಂಡ ಕಪ್ಪು ಮಚ್ಚೆಗಳು ನೆರಳುಗಳೆಂದು ಅವನಿಗೆ ಹೊಳೆಯಲಿಲ್ಲ. ಗೆಲಿಲಿಯೊ ಚಿತ್ರಕಲೆಯ ಅಭ್ಯಾಸವಿದ್ದವನು; ನೆರಳು ಬೆಳಕುಗಳಿಂದ ಉಬ್ಬುತಗ್ಗನ್ನು ಓದುವ ವಿದ್ಯೆ ಫ್ಲಾರೆನ್ಸಿನ ಗಾಳಿಯಲ್ಲಿಯೇ ಇತ್ತು. ಅವನ ಪುಸ್ತಕ ಹೊರಬಂದ ಮೇಲೆ, 1610ರ ಜುಲೈನಲ್ಲಿ ಹ್ಯಾರಿಯಟ್ ಬರೆದ ಚಂದ್ರನಲ್ಲಿ ಕುಳಿಗಳು ಸ್ಪಷ್ಟವಾಗಿ ಮೂಡಿವೆ. ಕಣ್ಣು ಅದೇ, ಚಂದ್ರನೂ ಅದೇ. ಅನಂತರ ಅವನು ರಚಿಸಿದ ಪೂರ್ಣಚಂದ್ರನ ನಕ್ಷೆ, ಗುರುತುಗಳ ಸ್ಥಾನದ ಲೆಕ್ಕದಲ್ಲಿ ಗೆಲಿಲಿಯೊನ ಚಿತ್ರಗಳಿಗಿಂತ ಎಷ್ಟೋ ಕರಾರುವಾಕ್ಕಾಗಿದೆ. 1610ರ ಡಿಸೆಂಬರಿನಿಂದ 1613ರ ಜನವರಿಯವರೆಗೆ ಸೂರ್ಯನ ಕಲೆಗಳನ್ನು 199 ಬಾರಿ ಗುರುತಿಸಿ ಬರೆದ. ಮಂಜು ಕವಿದ ಬೆಳಗಿನಲ್ಲಿ ನೇರವಾಗಿ ದೂರದರ್ಶಕದಲ್ಲಿಯೇ ಸೂರ್ಯನನ್ನು ನೋಡುತ್ತಿದ್ದ ಅವನು, ಒಮ್ಮೆ ಆಮೇಲೆ ಒಂದು ಗಂಟೆ ಕಣ್ಣು ಮಂಜಾಗಿತ್ತೆಂದು ಟಿಪ್ಪಣಿ ಮಾಡಿಕೊಂಡಿದ್ದಾನೆ. ಓದುಗರಲ್ಲಿ ದೂರದರ್ಶಕವುಳ್ಳವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಅನುಸರಿಸಬೇಡಿ.

1615ರ ಹೊತ್ತಿಗೆ ಅವನ ಮೂಗಿನಲ್ಲಿ ಹುಣ್ಣೊಂದು ಬೆಳೆಯುತ್ತಿತ್ತು. ದೊರೆಯ ವೈದ್ಯನಾಗಿದ್ದ ತಿಯೋಡೊರ್ ಡಿ ಮೇಯೆರ್ನ್ ಅದಕ್ಕೆ ಚಿಕಿತ್ಸೆ ಮಾಡಿದ, ಗುಣವಾಗಲಿಲ್ಲ. ಅದು ಕ್ಯಾನ್ಸರ್ ಎಂದೂ ಮೂವತ್ತು ವರ್ಷಗಳ ಹೊಗೆಸೊಪ್ಪು ಅದಕ್ಕೆ ಕಾರಣವಿರಬಹುದೆಂದೂ ಇಂದಿನವರು ಭಾವಿಸುತ್ತಾರೆ. 1618ರ ಅಕ್ಟೋಬರ್ 29ರಂದು ರಾಲಿಯ ಹಳೆಯ ಶಿಕ್ಷೆಯನ್ನು ಜಾರಿಗೊಳಿಸಿ ತಲೆ ಕಡಿದರು. ವಧಾಸ್ಥಾನದಲ್ಲಿ ರಾಲಿ ಆಡಿದ ಕೊನೆಯ ಮಾತುಗಳ ಟಿಪ್ಪಣಿ ಹ್ಯಾರಿಯಟ್‌ನ ಕೈಬರಹದಲ್ಲಿದೆ, ಅವನ ಗಣಿತದ ಹಾಳೆಗಳ ನಡುವೆ.

1621ರ ಜುಲೈ 2ರಂದು, ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿ, ಬಟ್ಟೆ ವ್ಯಾಪಾರಿಯಾಗಿದ್ದ ಸ್ನೇಹಿತ ಥಾಮಸ್ ಬಕ್ನರ್‌ನ ಮನೆಯಲ್ಲಿ ಹ್ಯಾರಿಯಟ್ ತೀರಿಕೊಂಡ. ಬಕ್ನರ್ 36 ವರ್ಷಗಳ ಹಿಂದೆ ರೋನೋಕಿಗೆ ಅವನ ಜೊತೆ ಹೋಗಿದ್ದವನು. ಹೂಳಿದ ಚರ್ಚು ಇಂದಿಲ್ಲ. ಆ ಜಾಗದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಇದೆ. ಮೂರು ದಿನ ಮುಂಚೆ ಬರೆಸಿದ ಮರಣಶಾಸನದಲ್ಲಿ ಅವನು ತನ್ನ ದೂರದರ್ಶಕಗಳನ್ನು ಹಂಚಿದ. ಗಣಿತದ ಹಾಳೆಗಳನ್ನು ಗೆಳೆಯ ನಥಾನಿಯಲ್ ಟಾರ್ಪರ್ಲಿ ಪರಿಶೀಲಿಸಿ ಮುಖ್ಯವಾದವನ್ನು ಬೇರ್ಪಡಿಸಬೇಕೆಂದ. ಕೊನೆಗೆ ಎಲ್ಲವನ್ನೂ ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಅರ್ಲ್‌ನ ಗ್ರಂಥಾಲಯದಲ್ಲಿ ಇರಿಸಿ, ಬೀಗದ ಕೈಯನ್ನು ಅರ್ಲ್‌ನ ಕೈಗೇ ಕೊಡಬೇಕೆಂದ. ಗೋಣಿಚೀಲಗಳಲ್ಲಿದ್ದ ರಾಲಿಯ ಐರ್ಲೆಂಡ್ ಲೆಕ್ಕಪತ್ರಗಳನ್ನು ಸುಟ್ಟುಬಿಡಿ ಎಂದೂ ಹೇಳಿದ. ಅರ್ಲ್ ಟವರ್‌ನಿಂದ ಬಿಡುಗಡೆಯಾದದ್ದು ಇದಾದ ಹದಿನಾರು ದಿನಗಳಿಗೆ.

ಬೀಜಗಣಿತದ ಒಂದು ಭಾಗ ಮಾತ್ರ 1631ರಲ್ಲಿ ವಾಲ್ಟರ್ ವಾರ್ನರ್‌ನ ಸಂಪಾದಕತ್ವದಲ್ಲಿ ಅಚ್ಚಾಯಿತು. ದೊಡ್ಡದು, ಚಿಕ್ಕದು ಎಂದು ತೋರಿಸಲು ನಾವು ಬಳಸುವ > ಮತ್ತು < ಗುರುತುಗಳು ಮೊದಲು ಅಚ್ಚಿನಲ್ಲಿ ಕಂಡದ್ದು ಆ ಪುಸ್ತಕದಲ್ಲಿ. ಆದರೆ ಋಣ ಮೂಲಗಳ ಬಗ್ಗೆ, ಋಣ ಸಂಖ್ಯೆಗಳ ವರ್ಗಮೂಲಗಳ ಬಗ್ಗೆ ಹ್ಯಾರಿಯಟ್ ಧೈರ್ಯವಾಗಿ ಬರೆದುಕೊಂಡಿದ್ದನ್ನೆಲ್ಲ ಸಂಪಾದಕರು ಅರ್ಥವಾಗದೆಯೋ ಅಂಜಿಯೋ ಕೈಬಿಟ್ಟರು. ಉಳಿದ ಸಾವಿರಾರು ಹಾಳೆಗಳು ಮನೆಯಿಂದ ಮನೆಗೆ ಸಾಗಿ ಮರೆತುಹೋದವು. 1784ರಲ್ಲಿ ಹಂಗೆರಿ ಮೂಲದ ಖಗೋಳ ವಿಜ್ಞಾನಿ ಫ್ರಾನ್ಸ್ ಫಾನ್ ಜಾಕ್, ಸಸೆಕ್ಸಿನ ಪೆಟ್‌ವರ್ತ್ ಹೌಸ್‌ನಲ್ಲಿ ಅರ್ಲ್‌ನ ವಂಶಸ್ಥರ ಹಳೆಯ ಕಾಗದಗಳನ್ನು ತಡಕಾಡುತ್ತಿದ್ದಾಗ ಅವು ಅವನ ಕೈಗೆ ಸಿಕ್ಕವು. ಚಂದ್ರ, ಗುರುವಿನ ಉಪಗ್ರಹಗಳು, ಸೂರ್ಯನ ಕಲೆಗಳು ಎಲ್ಲವೂ ಅಲ್ಲಿದ್ದವು, ಕುದುರೆಲಾಯದ ಲೆಕ್ಕಪತ್ರಗಳ ಅಡಿಯಲ್ಲಿ.